ಕಡಿಮೆ ಖರ್ಚಿನಲ್ಲಿ ಮಗುವಿನ ಕೋಣೆ: ಎಲ್ಲಿಂದ ಶುರು ಮಾಡೋದು, ದುಡ್ಡು ಎಲ್ಲಿ ಹಾಕೋದು?

"ಮಗುವಿಗೆ ಅಂತ ಒಂದು ಕೋಣೆ ಬಿಟ್ಟುಕೊಟ್ಟಿದ್ದೇವೆ. ಚೆಂದ ಮಾಡಬೇಕು. ಆದರೆ ಕೈಯಲ್ಲಿ ಜಾಸ್ತಿ ದುಡ್ಡಿಲ್ಲ. ಏನು ಮಾಡಲಿ?" ಓದುಗರು ಮತ್ತೆ ಮತ್ತೆ ಕೇಳುವ ಪ್ರಶ್ನೆ ಇದು. ಒಬ್ಬೊಬ್ಬರಿಗೆ ಚೂರುಚೂರು ಉತ್ತರ ಕೊಡುವ ಬದಲು ಎಲ್ಲವನ್ನೂ ಒಂದೇ ಕಡೆ ಬರೆದಿಡುತ್ತಿದ್ದೇನೆ.

ಹೆಚ್ಚಿನವರು ಶುರು ಮಾಡುವುದು ಅಂಗಡಿಯಿಂದ. ಒಂದು ಚೆಂದದ ಬೆಡ್‌ಶೀಟ್ ಕಣ್ಣಿಗೆ ಬೀಳುತ್ತದೆ. ಅದಕ್ಕೆ ಹೊಂದುವ ಪರದೆ, ಪರದೆಗೆ ಹೊಂದುವ ದೀಪ, ಹೀಗೆ ಅರ್ಧ ದುಡ್ಡು ಖಾಲಿಯಾದ ಮೇಲೆ ಗೋಡೆ ತೇವ ಹಿಡಿದಿರುವುದು ಗೊತ್ತಾಗುತ್ತದೆ. ಈ ಕ್ರಮವನ್ನು ತಿರುಗಿಸಿ. ಮೊದಲು ಖಾಲಿ ಮಾಡಿ, ಆಮೇಲೆ ಅಳೆಯಿರಿ, ಗೋಡೆ ನೋಡಿ, ಬಣ್ಣ ಹಚ್ಚಿ. ಅದಾದ ಮೇಲೆ ಮಂಚ ಮತ್ತು ಕಪಾಟು, ಬೆಳಕು, ಬಟ್ಟೆ. ಅಲಂಕಾರದ ಸಾಮಾನು ಕಟ್ಟಕಡೆಗೆ. ಈ ದಾರಿಯಲ್ಲಿ ಬಂದರೆ, ಕೊಳ್ಳಬೇಕು ಅಂದುಕೊಂಡಿದ್ದರಲ್ಲಿ ಎಷ್ಟೋ ಸಾಮಾನು ಕೊನೆಗೆ ಬೇಡವೇ ಅನ್ನಿಸುತ್ತದೆ.

ಇಲ್ಲಿ ಬರೆದಿರುವುದು ಸುಮಾರು 2ರಿಂದ 12 ವರ್ಷದ ಮಕ್ಕಳ ಕೋಣೆಗೆ. ಹಸುಗೂಸಿಗೆ ಬೇರೆ ಎಚ್ಚರಿಕೆ ಬೇಕಾದ ಕಡೆ ಅಲ್ಲಲ್ಲೇ ಹೇಳಿದ್ದೇನೆ.

ಕೈಗೆ ಸಿಗುವಂತೆ ಇಟ್ಟುಕೊಳ್ಳಬೇಕಾದ್ದು ಇಷ್ಟು: ಅಳತೆ ಟೇಪು, ಪೆನ್ಸಿಲ್, ಒಂದು ನೋಟ್‌ಬುಕ್ಕು, ಸ್ಯಾಂಡ್ ಪೇಪರ್, ಪುಟ್ಟಿ (ಗೋಡೆಯ ತೂತು ತುಂಬುವ ಲೇಪ) ಹಾಕುವ ಚಪ್ಪಟೆ ಪಟ್ಟಿ, ಮಾಸ್ಕಿಂಗ್ ಟೇಪು, ಒಂದು ರೋಲರ್, ಎರಡು ಇಂಚಿನ ಒಂದು ಬ್ರಷ್, ಸ್ಕ್ರೂ ಡ್ರೈವರ್, ಟಾರ್ಚು, ನೆಲಕ್ಕೆ ಹಾಸಲು ಹಳೆ ಪೇಪರು. ಡ್ರಿಲ್ ಮೆಷಿನ್ನನ್ನು ಯಾರ ಹತ್ತಿರವಾದರೂ ಒಂದು ದಿನಕ್ಕೆ ಕೇಳಿ ತನ್ನಿ. ಅದನ್ನು ಕೊಳ್ಳಲು ಹೋಗಬೇಡಿ.

1. ಕೋಣೆ ಪೂರ್ತಿ ಖಾಲಿ ಮಾಡಿ

ಮಗುವಿನ ಕೋಣೆ ಅಂತ ಹೆಸರು. ಒಳಗೆ ನೋಡಿದರೆ ಮಂಚದ ಕೆಳಗೆ ಸೂಟ್‌ಕೇಸು, ಬಾಗಿಲ ಹಿಂದೆ ಇಸ್ತ್ರಿ ಟೇಬಲ್ಲು, ಅಟ್ಟದ ಮೇಲೆ ಯಾರೂ ಮುಟ್ಟದ ರಟ್ಟಿನ ಡಬ್ಬ. ಇವೆಲ್ಲ ಮಗುವಿನದಲ್ಲ ಅಲ್ವಾ? ಎಲ್ಲವನ್ನೂ ಹೊರಗೆ ತನ್ನಿ. ಮಗುವಿನ ಸಾಮಾನನ್ನೂ ತನ್ನಿ. ಖಾಲಿ ಕೋಣೆಯಲ್ಲಿ ಹತ್ತು ನಿಮಿಷ ಸುಮ್ನೆ ಕೂತು ನೋಡಿ. ಬೆಳಕು ಯಾವ ಕಡೆಯಿಂದ ಬರುತ್ತಿದೆ, ಯಾವ ಗೋಡೆಯ ಬಣ್ಣ ಉದುರುತ್ತಿದೆ, ಪ್ಲಗ್ ಪಾಯಿಂಟ್ ಎಲ್ಲಿದೆ ಅನ್ನುವುದು ಆಗಲೇ ಕಾಣುವುದು.

ಹೊರಗೆ ತಂದಿದ್ದನ್ನು ಮೂರು ಗುಂಪು ಮಾಡಿ: ವಾಪಸ್ ಹೋಗುವುದು, ಬೇರೆಯವರಿಗೆ ಕೊಡುವುದು, ಮಾರುವುದು. ಮಾರಿ ಬಂದ ದುಡ್ಡು ಬಣ್ಣದ ಡಬ್ಬಕ್ಕಾಗುತ್ತದೆ. ಆಟದ ಸಾಮಾನನ್ನು ಮಾತ್ರ ಮಗು ಇಲ್ಲದಾಗ ಎಸೆಯಬೇಡಿ. ಯಾವುದು ಇರಬೇಕು ಅಂತ ಅದನ್ನೇ ಕೇಳಿ. ನಮಗೆ ಕಸ ಅನ್ನಿಸಿದ ಮುರಿದ ಕಾರು ಅದರ ಜೀವವಾಗಿರಬಹುದು.

2. ಅಳತೆ ಬರೆದುಕೊಂಡು ದುಡ್ಡು ಹಂಚಿ

ನೋಟ್‌ಬುಕ್ಕಿನಲ್ಲಿ ಕೋಣೆಯ ಉದ್ದ, ಅಗಲ, ಎತ್ತರ ಬರೆಯಿರಿ. ಕಿಟಕಿ, ಬಾಗಿಲಿನ ಅಳತೆ ಬರೆಯಿರಿ. ಬಾಗಿಲು ತೆರೆದಾಗ ಎಲ್ಲಿಯವರೆಗೆ ಬರುತ್ತದೆ ಅನ್ನುವುದನ್ನೂ ಬರೆಯಿರಿ. ಇದನ್ನು ಮರೆತು ಕಪಾಟು ತಂದವರು ಬಹಳ ಜನ, ಆಮೇಲೆ ಬಾಗಿಲು ಮುಕ್ಕಾಲು ಭಾಗ ಮಾತ್ರ ತೆರೆಯುತ್ತದೆ. ಕೊಳ್ಳಬೇಕೆಂದಿರುವ ಮಂಚದ ಅಳತೆಗೆ ಹಳೆ ಪೇಪರು ಜೋಡಿಸಿ ನೆಲದ ಮೇಲೆ ಹಾಸಿ. ಸುತ್ತ ನಡೆದಾಡಿ ನೋಡಿ. ಜಾಗ ಸಾಲುತ್ತೋ ಇಲ್ಲವೋ ಅಲ್ಲೇ ಗೊತ್ತಾಗುತ್ತದೆ.

ದುಡ್ಡಿನ ವಿಷಯದಲ್ಲಿ ನನ್ನ ಲೆಕ್ಕ ಹೀಗೆ. ನಿಮ್ಮ ಹತ್ತಿರ ಇರುವುದನ್ನು ಹತ್ತು ಪಾಲು ಮಾಡಿ. ನಾಲ್ಕು ಪಾಲು ಹಾಸಿಗೆ, ಮಂಚಕ್ಕೆ. ಎರಡೂವರೆ ಪಾಲು ಗೋಡೆ, ಬಣ್ಣಕ್ಕೆ. ಒಂದೂವರೆ ಪಾಲು ಬೆಳಕು, ಪರದೆಗೆ. ಒಂದು ಪಾಲು ಅಲಂಕಾರಕ್ಕೆ. ಉಳಿದ ಒಂದು ಪಾಲನ್ನು ಮುಟ್ಟಬೇಡಿ. ಸ್ಕ್ರೂ, ಕೊಕ್ಕೆ, ಟೇಪು, ಸಾಲದೆ ಬಂದ ಅರ್ಧ ಲೀಟರ್ ಬಣ್ಣ, ಹೀಗೆ ಚಿಲ್ಲರೆ ಖರ್ಚು ಬರುವುದು ಖಂಡಿತ. ಮನೆಯಲ್ಲಿ ಒಳ್ಳೆಯ ಮಂಚ ಮೊದಲೇ ಇದ್ದರೆ ಆ ನಾಲ್ಕು ಪಾಲಿನಲ್ಲಿ ಹಾಸಿಗೆಯ ಖರ್ಚು ಕಳೆದು ಉಳಿದಿದ್ದು ಬೆಳಕಿಗೆ ಹೋಗಲಿ.

3. ಬಣ್ಣಕ್ಕೆ ಮೊದಲು ಗೋಡೆ ಪರೀಕ್ಷಿಸಿ

ಈ ಹಂತವನ್ನು ಬಿಟ್ಟುಬಿಡುವವರೇ ಜಾಸ್ತಿ. ಹಾಗೆ ಬಿಟ್ಟರೆ ಮೇಲೆ ಹಾಕಿದ ದುಡ್ಡೆಲ್ಲ ಉದುರಿಹೋಗುತ್ತದೆ.

ಗೋಡೆಯ ಮೇಲೆ ಕಪ್ಪು ಚುಕ್ಕಿ, ಬೂಷ್ಟಿನ ವಾಸನೆ, ಉಬ್ಬಿದ ಬಣ್ಣ ಇದ್ದರೆ ತೇವ ಎಲ್ಲಿಂದ ಬರುತ್ತಿದೆ ಅಂತ ಮೊದಲು ಕಂಡುಹಿಡಿಯಬೇಕು. ಇದಕ್ಕೆ ಒಂದು ಸುಲಭದ ಪರೀಕ್ಷೆ ಇದೆ. ಆ ಜಾಗವನ್ನು ಒರೆಸಿ ಒಣಗಿಸಿ. ಒಂದು ಅಡಿ ಚೌಕದ ಪ್ಲಾಸ್ಟಿಕ್ ಹಾಳೆ ಅಥವಾ ಅಲ್ಯೂಮಿನಿಯಂ ಹಾಳೆಯನ್ನು ನಾಲ್ಕೂ ಅಂಚಿಗೆ ಟೇಪು ಹಾಕಿ ಗಾಳಿಯಾಡದಂತೆ ಅಂಟಿಸಿ. 24ರಿಂದ 48 ಗಂಟೆ ಬಿಟ್ಟು ನೋಡಿ. ಹಾಳೆಯ ಹೊರಮೈ ಮೇಲೆ ಹನಿ ಕೂತಿದ್ದರೆ ಅದು ಕೋಣೆಯ ಗಾಳಿಯ ತೇವ. ಕಿಟಕಿ ತೆರೆದಿಟ್ಟರೆ, ಗೋಡೆಗೆ ಒತ್ತಿಕೊಂಡಿರುವ ಕಪಾಟನ್ನು ಎರಡು ಇಂಚು ಈಚೆ ಎಳೆದರೆ ಕಡಿಮೆಯಾಗುತ್ತದೆ. ಹಾಳೆಯ ಹಿಂಬದಿ, ಅಂದರೆ ಗೋಡೆಯ ಕಡೆ ಒದ್ದೆಯಾಗಿದ್ದರೆ ನೀರು ಗೋಡೆಯೊಳಗಿಂದ ಬರುತ್ತಿದೆ. ಪೈಪು, ಹೊರಗೋಡೆಯ ಬಿರುಕು, ಮಾಳಿಗೆ ನೋಡಿಸಿ. ಅದು ರಿಪೇರಿಯಾಗಿ ಗೋಡೆ ಒಣಗುವವರೆಗೆ ಬಣ್ಣ ಬೇಡ. ಬಾಡಿಗೆ ಮನೆಯಾದರೆ ಈ ರಿಪೇರಿಯನ್ನು ಮನೆ ಮಾಲೀಕರಿಗೆ ಹೇಳಿ ಮಾಡಿಸಿ, ನಿಮ್ಮ ಜೇಬಿನಿಂದ ಹಾಕಬೇಡಿ.

ಇನ್ನೊಂದು ವಿಷಯ ಸೀಸ (ಲೆಡ್) ಅನ್ನುವ ವಿಷಕಾರಿ ಲೋಹದ್ದು. ಹಳೆಯ ಮನೆಗಳ ಬಣ್ಣದಲ್ಲಿ, ಅದರಲ್ಲೂ ಬಾಗಿಲು, ಕಿಟಕಿಗೆ ಹಚ್ಚಿದ ಹೊಳೆಯುವ ಆಯಿಲ್ ಪೇಂಟ್‌ನಲ್ಲಿ ಸೀಸ ಇರುವ ಸಾಧ್ಯತೆ ಇದೆ. ಒಣಗಿದ ಬಣ್ಣವನ್ನು ಉಜ್ಜಿದರೆ ಧೂಳು ಏಳುತ್ತದೆ, ಮಗುವಿನ ಕೈಗಂಟಿ ಬಾಯಿಗೆ ಹೋಗುತ್ತದೆ. ರಕ್ತದಲ್ಲಿ ಸೀಸ ಇಷ್ಟಿದ್ದರೆ ಪರವಾಗಿಲ್ಲ ಅನ್ನುವ ಮಿತಿಯೇ ಇಲ್ಲ ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಹಾಗಾಗಿ ತುಂಬ ಹಳೆಯ ಬಣ್ಣವನ್ನು ಒಣಗಿದ್ದಾಗ ಉಜ್ಜಬೇಡಿ, ಕೆರೆಯಬೇಡಿ. ಗಟ್ಟಿಯಾಗಿ ಕೂತಿದ್ದರೆ ಒದ್ದೆ ಬಟ್ಟೆಯಲ್ಲಿ ಒರೆಸಿ ಅದರ ಮೇಲೆಯೇ ಪ್ರೈಮರ್ ಹಚ್ಚಿ. ಪ್ರೈಮರ್ ಅಂದರೆ ಬಣ್ಣ ಕಚ್ಚಿಕೊಳ್ಳಲು ಅಡಿಯಲ್ಲಿ ಹಚ್ಚುವ ಮೊದಲ ಲೇಪ. ಹಳೆಯ ಬಣ್ಣ ಚಕ್ಕೆಚಕ್ಕೆಯಾಗಿ ಏಳುತ್ತಿದ್ದರೆ ತಿಳಿದವರನ್ನು ಕರೆಸಿ. ಇಲ್ಲಿ ಮಾತ್ರ ಉಳಿತಾಯ ನೋಡಬೇಡಿ.

ಸಣ್ಣ ತೂತು, ಮೊಳೆ ಕಿತ್ತ ಗುರುತು ಇದ್ದರೆ ಪುಟ್ಟಿ ತುಂಬಿ, ಒಣಗಿದ ಮೇಲೆ ಆ ಪುಟ್ಟಿಯನ್ನಷ್ಟೇ ಸ್ಯಾಂಡ್ ಪೇಪರಿನಲ್ಲಿ ಮೆಲ್ಲಗೆ ಉಜ್ಜಿ ಸಮ ಮಾಡಿ.

4. ಬಣ್ಣ: ನಾಲ್ಕೂ ಗೋಡೆ ಬೇಕಿಲ್ಲ

ಕಡಿಮೆ ದುಡ್ಡಿನಲ್ಲಿ ಕೋಣೆಯನ್ನು ಪೂರ್ತಿ ಬದಲಾಯಿಸುವ ಶಕ್ತಿ ಇರುವುದು ಬಣ್ಣಕ್ಕೆ. ಆದರೆ ಕೋಣೆಯೆಲ್ಲ ಹಚ್ಚುವುದು ಬೇಕಿಲ್ಲ. ಎರಡು ದಾರಿ ಇವೆ.

ಒಂದು, ಒಂದೇ ಗೋಡೆಗೆ ಬೇರೆ ಬಣ್ಣ. ಮಂಚದ ತಲೆಯ ಕಡೆಯ ಗೋಡೆ ಸರಿಹೋಗುತ್ತದೆ. ಇನ್ನೊಂದು, ಸುತ್ತಲೂ ನೆಲದಿಂದ ನಾಲ್ಕು ಅಡಿ ಎತ್ತರದವರೆಗೆ ಮಾತ್ರ ಬಣ್ಣ. ನನಗೆ ಇಷ್ಟ ಎರಡನೆಯದು. ಮಗುವಿನ ಕಣ್ಣು ಇರುವುದು ಆ ಎತ್ತರದಲ್ಲೇ, ಅದರ ಕೈ ಗುರುತು ಬೀಳುವುದೂ ಅಲ್ಲೇ. ಕೆಳಗೆ ಸ್ವಲ್ಪ ಗಾಢ ಬಣ್ಣ, ಮೇಲೆ ಇರುವ ತಿಳಿಬಣ್ಣ ಹಾಗೇ ಇದ್ದರೆ ಕೋಣೆ ದೊಡ್ಡದಾಗಿಯೂ ಕಾಣುತ್ತದೆ.

ಎಷ್ಟು ಬಣ್ಣ ಬೇಕು? ಎಮಲ್ಷನ್, ಅಂದರೆ ನೀರು ಬೆರೆಸಿ ಹಚ್ಚುವ ಗೋಡೆ ಬಣ್ಣ, ಒಂದು ಲೀಟರ್‌ಗೆ ಒಂದು ಕೋಟು (ಒಂದು ಸಲದ ಲೇಪ) ಸುಮಾರು 100ರಿಂದ 130 ಚದರ ಅಡಿ ಬರುತ್ತದೆ. ಸರಿಯಾದ ಅಂಕಿ ಡಬ್ಬದ ಮೇಲೆಯೇ ಇರುತ್ತದೆ. 10 ಅಡಿ ಉದ್ದ, 10 ಅಡಿ ಎತ್ತರದ ಒಂದು ಗೋಡೆ 100 ಚದರ ಅಡಿ, ಎರಡು ಸಲ ಹಚ್ಚಲು 200. ಎರಡು ಲೀಟರ್ ಸಾಕು. ಅದೇ 10ಕ್ಕೆ 10ರ ಕೋಣೆಗೆ ಸುತ್ತಲೂ ನಾಲ್ಕು ಅಡಿ ಹಚ್ಚಿದರೆ, ಮೂರು ಅಡಿ ಅಗಲದ ಬಾಗಿಲು ಬಿಟ್ಟು 148 ಚದರ ಅಡಿ, ಎರಡು ಸಲಕ್ಕೆ 296. ಮೂರು ಲೀಟರ್ ಹಿಡಿಯುತ್ತದೆ. ಈ ಲೆಕ್ಕ ಕೈಯಲ್ಲಿದ್ದರೆ ಅಂಗಡಿಯವರು ದೊಡ್ಡ ಡಬ್ಬ ತೋರಿಸಿದಾಗ ಬೇಡ ಅನ್ನಬಹುದು.

ಡಬ್ಬದ ಮೇಲೆ ಎರಡು ವಿಷಯ ನೋಡಿ. ಸೀಸ 90 ಪಿಪಿಎಂಗಿಂತ ಕಡಿಮೆ ಇರಬೇಕು. ಪಿಪಿಎಂ ಅಂದರೆ ಹತ್ತು ಲಕ್ಷ ಭಾಗದಲ್ಲಿ ಎಷ್ಟು ಭಾಗ ಅನ್ನುವ ಲೆಕ್ಕ. ಇನ್ನೊಂದು 'ಲೋ ವಿಒಸಿ'. ವಿಒಸಿ ಅಂದರೆ ಬಣ್ಣ ಒಣಗುವಾಗ ಆವಿಯಾಗಿ ಗಾಳಿಗೆ ಸೇರುವ ರಾಸಾಯನಿಕಗಳು, ಹೊಸ ಬಣ್ಣದ ಘಾಟು ವಾಸನೆ ಬಹುಪಾಲು ಇದರಿಂದಲೇ. ಇದು ಕಡಿಮೆ ಇರುವ, ತೊಳೆಯಲು ಬರುವ ಎಮಲ್ಷನ್ ಆರಿಸಿ.

ಮಗುವಿಗೆ "ಯಾವ ಬಣ್ಣ ಬೇಕು?" ಅಂತ ಪೂರ್ತಿ ಬಿಟ್ಟು ಕೇಳಿದರೆ ಕಷ್ಟ. ನೀವೇ ಮೂರು ಆರಿಸಿ, ಅದರಲ್ಲಿ ಒಂದನ್ನು ಅದು ಹೇಳಲಿ. ಚಿಕ್ಕ ಸ್ಯಾಂಪಲ್ ಡಬ್ಬ ಸಿಕ್ಕರೆ ಮೂರು ದೊಡ್ಡ ರಟ್ಟಿಗೆ ಹಚ್ಚಿ ಗೋಡೆಗೆ ಆನಿಸಿಡಿ. ಬೆಳಗ್ಗೆ, ಸಂಜೆ, ರಾತ್ರಿ ದೀಪದ ಕೆಳಗೆ ಮೂರು ಹೊತ್ತೂ ನೋಡಿ. ಬೆಳಗ್ಗೆ ತಿಳಿಹಳದಿ ಕಂಡಿದ್ದು ರಾತ್ರಿ ಮಣ್ಣಿನ ಬಣ್ಣ ಕಾಣಬಹುದು.

ಇನ್ನು ನೇರ ಗೆರೆ. ನಾಲ್ಕು ಅಡಿಯಲ್ಲಿ ಬಣ್ಣ ನಿಲ್ಲಿಸುವಾಗ ಅಂಚು ಹರಿದು ಕೆಡುವುದು ಎಲ್ಲರ ದೂರು. ಅದಕ್ಕೆ ಹೀಗೆ ಮಾಡಿ. ಪೆನ್ಸಿಲ್ ಗೆರೆ ಎಳೆದು ಟೇಪು ಅಂಟಿಸಿ, ಅದರ ಅಂಚಿನ ಮೇಲೆ ಉಗುರು ಓಡಿಸಿ ಗಟ್ಟಿಯಾಗಿ ಒತ್ತಿ. ಆಮೇಲೆ ಹೊಸ ಬಣ್ಣ ಹಚ್ಚಬೇಡಿ! ಮೊದಲು ಗೋಡೆಯ ಹಳೆ ಬಣ್ಣವನ್ನೇ, ಅಂದರೆ ಮೇಲ್ಭಾಗದ ತಿಳಿಬಣ್ಣವನ್ನು, ಟೇಪಿನ ಅಂಚಿನ ಮೇಲೆ ತೆಳುವಾಗಿ ಒಮ್ಮೆ ಸವರಿ. ಟೇಪಿನ ಅಡಿಗೆ ಏನಾದರೂ ಇಳಿಯುವುದಿದ್ದರೆ ಅದೇ ಇಳಿದು ಸಂದು ಮುಚ್ಚಿಕೊಳ್ಳುತ್ತದೆ, ಗೋಡೆಯ ಬಣ್ಣವೇ ಆದ್ದರಿಂದ ಕಾಣುವುದಿಲ್ಲ. ಅದು ಒಣಗಿದ ಮೇಲೆ ಹೊಸ ಬಣ್ಣದ ಎರಡು ಕೋಟು. ಎರಡರ ನಡುವೆ ಸಾಮಾನ್ಯವಾಗಿ ನಾಲ್ಕು ಗಂಟೆ ಬಿಡಬೇಕು. ಎರಡನೇ ಕೋಟು ಇನ್ನೂ ಸ್ವಲ್ಪ ಹಸಿ ಇರುವಾಗಲೇ ಟೇಪನ್ನು ಹಿಂದಕ್ಕೆ ಮಡಚಿ, ಓರೆಯಾಗಿ, ನಿಧಾನಕ್ಕೆ ಎಳೆಯಿರಿ. ಪೂರ್ತಿ ಒಣಗಿದ ಮೇಲೆ ಎಳೆದರೆ ಬಣ್ಣದ ಪದರವೂ ಟೇಪಿನ ಜೊತೆ ಕಿತ್ತು ಬರುತ್ತದೆ. ಗೆರೆ ಕತ್ತರಿಸಿದ ಹಾಗೆ ನಿಲ್ಲುವುದನ್ನು ನೋಡಿದಾಗ ಆಗುವ ಖುಷಿಯೇ ಬೇರೆ.

ಹಳೆ ಬಣ್ಣದ ಡಬ್ಬ ಸಿಗದಿದ್ದರೆ? ಗೆರೆಯ ಬದಲು ಅಲೆಯ ಹಾಗೆ, ಬೆಟ್ಟಗಳ ಹಾಗೆ ಕೈಯಿಂದಲೇ ಅಂಚು ಬಿಡಿಸಿ. ಟೇಪೇ ಬೇಡ.

ಗೋಡೆಯ ಒಂದು ಚೂರನ್ನು ಕರಿಹಲಗೆ ಮಾಡಬಹುದಾ ಅಂತ ಬಹಳ ಜನ ಕೇಳುತ್ತಾರೆ. ಮಾಡಬಹುದು. ಒಂದು ಕಪ್ ಅಳತೆಯ ಗಾಢ ಬಣ್ಣದ ಎಮಲ್ಷನ್‌ಗೆ ಎರಡು ದೊಡ್ಡ ಚಮಚ ಮರಳಿಲ್ಲದ ಟೈಲ್ ಗ್ರೌಟ್, ಅಂದರೆ ಟೈಲ್ಸ್ ಸಂದಿಗೆ ತುಂಬುವ ನುಣುಪಾದ ಪುಡಿ, ಗಂಟಿಲ್ಲದಂತೆ ಕಲಸಿ ಎರಡು ಕೋಟು ಹಚ್ಚಿ. ಕಲಸುವಾಗ ಮೂಗಿಗೆ ಬಟ್ಟೆ ಕಟ್ಟಿಕೊಳ್ಳಿ, ಮಗು ಹತ್ತಿರ ಬೇಡ. ಮೂರು ದಿನ ಒಣಗಲಿ. ಆಮೇಲೆ ಸೀಮೆಸುಣ್ಣವನ್ನು ಅಡ್ಡ ಹಿಡಿದು ಹಲಗೆಯ ತುಂಬ ಉಜ್ಜಿ, ಒಣ ಬಟ್ಟೆಯಲ್ಲಿ ಒರೆಸಿಬಿಡಿ. ಹೀಗೆ ಪಳಗಿಸದೆ ಬರೆದರೆ ಮೊದಲ ಗೆರೆಗಳು ಹಲಗೆಗೆ ಹಿಡಿದುಬಿಡುತ್ತವೆ. ನಮ್ಮ ಮನೆಯಲ್ಲಿ ಮೊದಲ ದಿನ ಬರೆದ ಸೂರ್ಯ ಎಷ್ಟು ಒರೆಸಿದರೂ ಮಸುಕಾಗಿ ಉಳಿದೇ ಇತ್ತು. ಮಗುವಿಗೆ ಉಬ್ಬಸ, ಧೂಳಿನ ಅಲರ್ಜಿ ಇದ್ದರೆ ಕರಿಹಲಗೆ ಬೇಡ.

5. ಮಂಚ, ಕಪಾಟು: ಹಳೆಯದು ಕೊಳ್ಳುವಾಗ

ಬಳಸಿದ ಸಾಮಾನಿನಲ್ಲಿ ಒಳ್ಳೆಯದು ಬೇಕಾದಷ್ಟು ಸಿಗುತ್ತದೆ. ಹಾಸಿಗೆ ಮಾತ್ರ ಹೊಸದೇ ಇರಲಿ. ಬೇರೆಯವರ ಹಾಸಿಗೆಯ ಜೊತೆ ತಿಗಣೆ ಬಂದರೆ ಅದನ್ನು ಓಡಿಸುವ ಖರ್ಚು ಹಾಸಿಗೆಗಿಂತ ಜಾಸ್ತಿ.

ಮರದ ಮಂಚ, ಕಪಾಟು ನೋಡಲು ಹೋಗುವಾಗ ಟಾರ್ಚು ಒಯ್ಯಿರಿ. ಕೀಲು, ಸಂದಿ, ಸ್ಕ್ರೂ ತೂತು, ಡ್ರಾಯರ್‌ನ ಒಳಮೂಲೆಗೆ ಬೆಳಕು ಬಿಡಿ. ಸಣ್ಣ ಸಣ್ಣ ಕಪ್ಪು ಚುಕ್ಕಿ ಗುಂಪಾಗಿದ್ದರೆ ತಿಗಣೆ ಇದ್ದ ಗುರುತು. ಕೆಳಗೆ ಹಿಟ್ಟಿನಂಥ ಪುಡಿ ಬಿದ್ದಿದ್ದರೆ, ಬಡಿದಾಗ ಟೊಳ್ಳು ಸದ್ದು ಬಂದರೆ ಹುಳ ಹಿಡಿದಿದೆ. ಮರವೋ ಪುಡಿ ಹಲಗೆಯೋ ನೋಡಿ. ಪುಡಿ ಹಲಗೆ ಅಂದರೆ ಮರದ ಪುಡಿಯನ್ನು ಅಂಟಿನಲ್ಲಿ ಒತ್ತಿ ಮಾಡಿದ್ದು. ಅದನ್ನು ಬಿಚ್ಚಿ ಮತ್ತೆ ಜೋಡಿಸಿದರೆ ಸ್ಕ್ರೂ ಹಿಡಿಯುವುದಿಲ್ಲ, ಮಂಚ ಅಲ್ಲಾಡುತ್ತದೆ.

ಸಾಮಾನು ಸಾಗಿಸುವ ಮರದ ಪ್ಯಾಲೆಟ್‌ಗಳಿಂದ ಕಪಾಟು, ಮಂಚ ಮಾಡುವುದು ಈಗ ರೂಢಿ. ದೇಶದಿಂದ ದೇಶಕ್ಕೆ ಹೋಗುವ ಪ್ಯಾಲೆಟ್ ಮೇಲೆ ಒಂದು ಮುದ್ರೆ ಇರುತ್ತದೆ. ಅದರಲ್ಲಿ 'ಎಚ್‌ಟಿ' ಅಂತ ಇದ್ದರೆ ಹುಳ ಸಾಯಲು ಮರವನ್ನು ಬಿಸಿ ಮಾಡಿದ್ದಾರೆ ಅಂತ ಅರ್ಥ. 'ಎಂಬಿ' ಅಂತ ಇದ್ದರೆ ಮೀಥೈಲ್ ಬ್ರೋಮೈಡ್ ಅನ್ನುವ ವಿಷದ ಹೊಗೆ ಹಾಕಿದ್ದಾರೆ. ಎಂಬಿ ಮುದ್ರೆ ಇದ್ದರೂ, ಮುದ್ರೆಯೇ ಇಲ್ಲದಿದ್ದರೂ, ಎಣ್ಣೆ ಕಲೆ ಇದ್ದರೂ ಮಗುವಿನ ಕೋಣೆಗೆ ತರಬೇಡಿ.

ಕೆಲವು ಕಡೆ ರಾಜಿ ಮಾಡಿಕೊಳ್ಳಲೇಬಾರದು:

- ಎತ್ತರದ ಕಪಾಟು, ಡ್ರಾಯರ್ ಇರುವ ಬೀರುವನ್ನು ಗೋಡೆಗೆ ಬಿಗಿಯಿರಿ. ಮಗು ಡ್ರಾಯರ್‌ಗಳನ್ನು ಮೆಟ್ಟಿಲಂತೆ ಎಳೆದು ಹತ್ತಿದರೆ ಬೀರು ಪೂರ್ತಿ ಮೇಲೆ ಬೀಳುತ್ತದೆ. ಎರಡು ಎಲ್ ಆಕಾರದ ಲೋಹದ ಪಟ್ಟಿ, ನಾಲ್ಕಾರು ಸ್ಕ್ರೂ ಸಾಕು. ಇಟ್ಟಿಗೆ ಗೋಡೆಯಾದರೆ ಡ್ರಿಲ್ ಮಾಡಿ, ತೂತಿಗೆ ಸ್ಕ್ರೂ ಹಿಡಿಯುವ ಪ್ಲಾಸ್ಟಿಕ್ ಪ್ಲಗ್ ಹಾಕಿಯೇ ಸ್ಕ್ರೂ ತಿರುಗಿಸಿ. ಭಾರದ್ದು ಕೆಳಗೆ, ಹಗುರದ್ದು ಮೇಲೆ.
- ಎರಡು ಅಂತಸ್ತಿನ ಮಂಚದ ಮೇಲ್ಭಾಗದಲ್ಲಿ 6 ವರ್ಷಕ್ಕಿಂತ ಚಿಕ್ಕ ಮಗುವನ್ನು ಮಲಗಿಸಬೇಡಿ. ದೊಡ್ಡ ಮಗುವಿಗೂ ನಾಲ್ಕೂ ಕಡೆ ಕಟಕಟೆ ಬೇಕು. ಚಾವಣಿಯ ಫ್ಯಾನು ಹತ್ತಿರವಿದ್ದರೆ ಅಂಥ ಮಂಚವೇ ಬೇಡ.
- ಹಸುಗೂಸಿನ ತೊಟ್ಟಿಲಿನ ಕಡ್ಡಿಗಳ ನಡುವೆ 6 ಸೆಂಟಿಮೀಟರ್‌ಗಿಂತ ಜಾಸ್ತಿ ಸಂದು ಇರಬಾರದು. ಪಾನೀಯದ ತಗಡಿನ ಡಬ್ಬಿ ಸಂದಿನಲ್ಲಿ ತೂರಿದರೆ ಆ ತೊಟ್ಟಿಲು ಬೇಡ. ಒಂದು ಪಕ್ಕ ಕೆಳಗೆ ಜಾರುವ ಹಳೆಯ ತೊಟ್ಟಿಲನ್ನು ಯಾರು ಬಿಟ್ಟಿ ಕೊಟ್ಟರೂ ತೆಗೆದುಕೊಳ್ಳಬೇಡಿ. ಮಕ್ಕಳು ಸಿಕ್ಕಿಹಾಕಿಕೊಂಡು ಸತ್ತಿದ್ದರಿಂದ ಅಮೆರಿಕದಲ್ಲಿ 2011ರಲ್ಲಿ ಅವುಗಳ ಮಾರಾಟವನ್ನೇ ನಿಲ್ಲಿಸಿದರು. ಒಂದು ವರ್ಷ ತುಂಬುವವರೆಗೆ ತೊಟ್ಟಿಲಲ್ಲಿ ದಿಂಬು, ಮೆತ್ತನೆ ಗೊಂಬೆ, ಅಂಚಿನ ಮೆತ್ತೆ ಯಾವುದೂ ಬೇಡ, ನೋಡಲು ಎಷ್ಟೇ ಮುದ್ದಾಗಿರಲಿ.

ಹಳೆಯ ಮರಕ್ಕೆ ಹೊಸ ಬಣ್ಣ ಹಚ್ಚುವಾಗ ಗೋಡೆಗೆ ಉಳಿದ ಬಣ್ಣವನ್ನೇ ಬಳಸಬಹುದು. ಅಡಿಯಲ್ಲಿ ಮರದ ಪ್ರೈಮರ್ ಬೇಕು. ಹಿಡಿ, ಡ್ರಾಯರ್ ಎಳೆಯುವ ಗುಂಡಿಗಳನ್ನು ಬದಲಾಯಿಸಿದರೂ ಬೀರು ಹೊಸದಾಗಿ ಕಾಣುತ್ತದೆ.

6. ಬೆಳಕು

ಚಾವಣಿಯ ಮಧ್ಯೆ ಒಂದು ಬಿಳಿ ಟ್ಯೂಬ್‌ಲೈಟು ಇದ್ದರೆ ಎಂಥ ಬಣ್ಣವೂ ಆಸ್ಪತ್ರೆಯ ಗೋಡೆಯಂತೆ ಕಾಣುತ್ತದೆ. ಬಲ್ಬಿನ ಡಬ್ಬಿಯ ಮೇಲೆ 'ಕೆಲ್ವಿನ್' ಅಂತ ಒಂದು ಅಂಕಿ ಇರುತ್ತದೆ. ಬೆಳಕಿನ ಬಣ್ಣ ಹೇಳುವ ಅಂಕಿ ಅದು. 2700ರಿಂದ 3000 ಇದ್ದರೆ ದೀಪದಂಥ ಹಳದಿ ಬೆಳಕು, 6500 ಇದ್ದರೆ ನೀಲಿ ಮಿಶ್ರಿತ ಬಿಳಿ. ಮಲಗುವ ಕೋಣೆಗೆ 2700ರದ್ದು ತನ್ನಿ. ನೀಲಿ ಬೆಳಕು ಮೆಲಟೋನಿನ್ ಅನ್ನುವ, ನಿದ್ದೆಗೆ ಬೇಕಾದ ಹಾರ್ಮೋನನ್ನು ತಡೆಯುತ್ತದೆ. 9 ವಾಟಿನ ಒಂದು ಎಲ್‌ಇಡಿ ಬಲ್ಬು ಹಳೆಯ 60 ವಾಟಿನ ಬಲ್ಬಿನಷ್ಟು ಬೆಳಕು ಕೊಡುತ್ತದೆ, ಬೆಳಕಿನ ಪ್ರಮಾಣ ಹೇಳುವ ಲೆಕ್ಕದಲ್ಲಿ ಸುಮಾರು 800 ಲ್ಯೂಮೆನ್. ಚಿಕ್ಕ ಕೋಣೆಗೆ ಇಂಥದ್ದು ಎರಡು, ಓದುವ ಜಾಗಕ್ಕೆ ಒಂದು ಟೇಬಲ್ ದೀಪ, ರಾತ್ರಿಗೆ ಒಂದು ಮಂದ ದೀಪ. ಅಷ್ಟೇ.

ಮಿನುಗುವ ಸರಮಾಲೆ ದೀಪ ಮಕ್ಕಳಿಗೆ ಇಷ್ಟ, ಅಗ್ಗವೂ ಹೌದು. ಆದರೆ ಅದರ ಸೆಲ್ ನೋಡಿ. ಗುಂಡಿಯಂಥ ಚಪ್ಪಟೆ ಸೆಲ್ ಇದ್ದು, ಮುಚ್ಚಳಕ್ಕೆ ಸ್ಕ್ರೂ ಇಲ್ಲದಿದ್ದರೆ ಕೊಳ್ಳಬೇಡಿ. ಮಗು ಆ ಸೆಲ್ ನುಂಗಿ ಅದು ಅನ್ನನಾಳದಲ್ಲಿ ಸಿಕ್ಕಿಕೊಂಡರೆ ಎರಡೇ ಗಂಟೆಯಲ್ಲಿ ಒಳಗೆ ಸುಟ್ಟ ಗಾಯ ಮಾಡುತ್ತದೆ. ನುಂಗಿರಬಹುದು ಅನ್ನುವ ಅನುಮಾನ ಬಂದರೂ ಕಾಯದೆ ಆಸ್ಪತ್ರೆಗೆ ಓಡಿ.

7. ಪರದೆ, ಹೊದಿಕೆ

ಸಿದ್ಧ ಪರದೆ ದುಬಾರಿ. ಎರಡು ಸಿಂಗಲ್ ಬೆಡ್‌ಶೀಟ್‌ನಲ್ಲಿ ಒಳ್ಳೆಯ ಪರದೆ ಆಗುತ್ತದೆ. ನೆರಿಗೆ ಚೆನ್ನಾಗಿ ಕೂರಬೇಕಾದರೆ ಬಟ್ಟೆಯ ಅಗಲ ಪರದೆ ತೂಗುವ ಸರಳಿನ ಉದ್ದದ ಎರಡರಷ್ಟಿರಬೇಕು. ಸಿಂಗಲ್ ಬೆಡ್‌ಶೀಟಿನ ಅಗಲ ಸುಮಾರು 60 ಇಂಚು. ಎರಡು ಸೇರಿ 120. ಐದಡಿ ಸರಳಿಗೆ, ಅಂದರೆ ನಾಲ್ಕಡಿ ಕಿಟಕಿಗೆ ಸರಿಯಾಗುತ್ತದೆ. ಹೊಲಿಯುವ ಮೊದಲು ಒಮ್ಮೆ ಒಗೆಯಿರಿ, ಹತ್ತಿ ಬಟ್ಟೆ ಕುಗ್ಗುತ್ತದೆ. ಮೇಲಂಚನ್ನು ಮೂರು ಇಂಚು ಮಡಚಿ ಹೊಲಿದರೆ ಸರಳು ತೂರಿಸುವ ಕೊಳವೆ ಸಿದ್ಧ. ಸರಳನ್ನು ಕಿಟಕಿಯ ಚೌಕಟ್ಟಿಗಿಂತ ಅರ್ಧ ಅಡಿ ಮೇಲೆ, ಎರಡೂ ಪಕ್ಕ ಅರ್ಧರ್ಧ ಅಡಿ ಹೊರಗೆ ಹಾಕಿ. ಪರದೆ ಸರಿಸಿದಾಗ ಗಾಜು ಪೂರ್ತಿ ಬಯಲಾಗುತ್ತದೆ, ಕಿಟಕಿ ದೊಡ್ಡದಾಗಿ ಕಾಣುತ್ತದೆ. ಬೆಳಗ್ಗೆ ಬೇಗ ಬಿಸಿಲು ಬಂದು ಮಗು ಏಳುತ್ತಿದ್ದರೆ ಹಿಂದೆ ಒಂದು ಗಾಢ ಬಣ್ಣದ ಹಳೆ ಚಾದರ ಸೇರಿಸಿ ಹೊಲಿಯಿರಿ.

ದಾರ ಎಳೆದು ಮೇಲೆ ಕೆಳಗೆ ಮಾಡುವ ಪರದೆಗಳು, ಅಂದರೆ ಬ್ಲೈಂಡ್‌ಗಳು ಮಗುವಿನ ಕೋಣೆಗೆ ಬೇಡ. ಮೊದಲೇ ಇದ್ದರೆ ದಾರ ನೆಲದಿಂದ ಕನಿಷ್ಠ ಒಂದೂವರೆ ಮೀಟರ್ ಮೇಲೆ ಇರುವಂತೆ ಸುತ್ತಿ ಕಟ್ಟಿ. ದಾರದ ಕುಣಿಕೆ ಕುತ್ತಿಗೆಗೆ ಸಿಕ್ಕಿ ಮಕ್ಕಳು ಸತ್ತಿದ್ದಾರೆ, ಸದ್ದೂ ಆಗುವುದಿಲ್ಲ.

ನೆಲಕ್ಕೆ ಹಾಸು ಹಾಕುವುದಾದರೆ ಅಡಿಯಲ್ಲಿ ಜಾರದ ರಬ್ಬರ್ ಜಾಲರಿ ಇರಲಿ. ಒಗೆಯಲು ಬರುವ ಚಿಕ್ಕದೇ ಸಾಕು.

8. ಗೋಡೆಯ ಅಲಂಕಾರ

ಈಗ ಅಂಗಡಿಯ ವಿಷಯಕ್ಕೆ ಬರಬಹುದು. ಮಗುವಿಗೆ ಈ ವರ್ಷ ಡೈನೋಸಾರ್ ಇಷ್ಟ, ಮುಂದಿನ ವರ್ಷ ರಾಕೆಟ್. ಹಾಗಾಗಿ ಅದರ ಇಷ್ಟವನ್ನು ಬದಲಾಯಿಸಲು ಸುಲಭವಾದ ಕಡೆ ಮಾತ್ರ ಇಡಿ: ದಿಂಬಿನ ಚೀಲ, ಒಂದು ಪೋಸ್ಟರ್, ಕೆಲವು ಸ್ಟಿಕ್ಕರ್. ಮಂಚ, ಪರದೆ, ಗೋಡೆ ಸಾದಾ ಇರಲಿ. ಡೈನೋಸಾರ್ ಆಕಾರದ ಮಂಚಕ್ಕೆ ಕೊಟ್ಟ ದುಡ್ಡು ಎರಡೇ ವರ್ಷಕ್ಕೆ ಹಳತಾಗುತ್ತದೆ.

ಎಲ್ಲಕ್ಕಿಂತ ಒಳ್ಳೆಯದು ಮಗುವೇ ಬರೆದ ಚಿತ್ರ. ಮನೆಯಲ್ಲಿರುವ ಬೇರೆ ಬೇರೆ ಹಳೆ ಫ್ರೇಮುಗಳಿಗೆ ಒಂದೇ ಬಣ್ಣ ಹಚ್ಚಿ, ಗಾಜು ತೆಗೆದು ಅಕ್ರಿಲಿಕ್ ಹಾಳೆ ಹಾಕಿ. ಚಿತ್ರವನ್ನು ತಿಂಗಳಿಗೊಮ್ಮೆ ಅದೇ ಬದಲಾಯಿಸಲಿ. ಮೊಳೆ ಹೊಡೆಯುವ ಮೊದಲು ಫ್ರೇಮಿನ ಅಳತೆಗೆ ಪೇಪರು ಕತ್ತರಿಸಿ ಗೋಡೆಗೆ ಅಂಟಿಸಿ ನೋಡಿ. ಮಗುವಿನ ಕಣ್ಣಿನ ಎತ್ತರಕ್ಕೆ ಇರಲಿ, ನಿಮ್ಮ ಎತ್ತರಕ್ಕಲ್ಲ. ಮಂಚದ ತಲೆಯ ಮೇಲೆ ಭಾರದ್ದು ಯಾವುದೂ ಬೇಡ.

ಬಾಡಿಗೆ ಮನೆಯವರಿಗೆ ಒಂದು ಉಪಾಯ: ಗಂಜಿಯಲ್ಲಿ ಬಟ್ಟೆ ಅಂಟಿಸುವುದು. ಬಟ್ಟೆಗೆ ಹಾಕುವ ಗಂಜಿಯನ್ನು ಸ್ವಲ್ಪ ಗಟ್ಟಿಯಾಗಿ ಕಾಯಿಸಿ ಆರಿಸಿ. ತೊಳೆಯುವ ಬಣ್ಣವಿರುವ ಗೋಡೆಗೆ ಬ್ರಷ್‌ನಲ್ಲಿ ಸವರಿ, ತೆಳು ಹತ್ತಿ ಬಟ್ಟೆಯನ್ನು ಮೇಲಿನಿಂದ ಕೆಳಕ್ಕೆ ಅಂಗೈಯಿಂದ ನೀವುತ್ತ ಅಂಟಿಸಿ, ಮೇಲೆ ಇನ್ನೊಮ್ಮೆ ಸವರಿ. ಒಣಗಿದರೆ ಗೋಡೆ ಕಾಗದದಂತೆ ನಿಲ್ಲುತ್ತದೆ. ಮನೆ ಬಿಡುವಾಗ ಒಂದು ಮೂಲೆ ಒದ್ದೆ ಮಾಡಿ ಎಳೆದರೆ ಬಂದುಬಿಡುತ್ತದೆ. ಎಲ್ಲೂ ಕಾಣದ ಒಂದು ಜಾಗದಲ್ಲಿ ಮೊದಲು ಅಂಗೈಯಗಲ ಅಂಟಿಸಿ ನೋಡಿ. ಸುಣ್ಣ, ಡಿಸ್ಟೆಂಪರ್ ಹಚ್ಚಿದ, ಮುಟ್ಟಿದರೆ ಪುಡಿ ಏಳುವ ಗೋಡೆಗೆ ಇದು ಆಗದು. ತೇವದ ಗೋಡೆಗೂ ಬೇಡ, ಗಂಜಿಗೆ ಬೂಷ್ಟು ಹಿಡಿಯುತ್ತದೆ.

ಅಂಟಿಸುವ ಕೊಕ್ಕೆಗಳಿಗೂ ಇದೇ ಮಾತು. ಪುಡಿ ಏಳುವ ಗೋಡೆಗೆ ಅವು ನಿಲ್ಲುವುದಿಲ್ಲ. ಹೊಸ ಬಣ್ಣ ಹಚ್ಚಿದ್ದರೆ ಕೊಕ್ಕೆಗೆ ಒಂದು ವಾರ, ದೊಡ್ಡ ಸ್ಟಿಕ್ಕರ್‌ಗೆ ಎರಡು ಮೂರು ವಾರ ಕಾಯಿರಿ. ಅವಸರ ಮಾಡಿದರೆ ತೆಗೆಯುವಾಗ ಬಣ್ಣವೂ ಬರುತ್ತದೆ.

9. ಸಾಮಾನು ಜೋಡಿಸುವುದು

ಮಗುವಿನ ಕೈಗೆ ಎಟುಕದ ಕಡೆ ಅದರ ಸಾಮಾನಿಟ್ಟು, ಎತ್ತಿಡುವುದಿಲ್ಲ ಅಂತ ಬೈಯುವುದು ತಪ್ಪು. ಕೊಕ್ಕೆಗಳನ್ನು ಅದರ ಭುಜದ ಎತ್ತರಕ್ಕೆ ಹಾಕಿ. ಗಟ್ಟಿ ರಟ್ಟಿನ ಡಬ್ಬಗಳಿಗೆ ಪರದೆಯಲ್ಲಿ ಉಳಿದ ಬಟ್ಟೆ ಅಂಟಿಸಿ. ಓದಲು ಬಾರದ ಮಗುವಾದರೆ ಡಬ್ಬದ ಮೇಲೆ ಕಾರು, ಗೊಂಬೆ, ಬ್ಲಾಕುಗಳ ಚಿತ್ರ ಇರಲಿ. ಭಾರದ ಮುಚ್ಚಳವಿರುವ ಪೆಟ್ಟಿಗೆ ಇದ್ದರೆ ಮುಚ್ಚಳ ತೆಗೆದುಬಿಡಿ, ಅದು ತಲೆಯ ಮೇಲೆ, ಬೆರಳ ಮೇಲೆ ಬೀಳುತ್ತದೆ.

ಪುಸ್ತಕದ ಮುಖಪುಟ ಕಾಣುವಂತೆ ಇಟ್ಟರೆ ಮಗು ತಾನಾಗಿ ಎತ್ತಿಕೊಳ್ಳುತ್ತದೆ. ನಾಲ್ಕು ಇಂಚು ಅಗಲದ ಹಲಗೆ, ಮುಂದೆ ಒಂದು ಚಿಕ್ಕ ತಡೆಪಟ್ಟಿ, ಅಷ್ಟೇ ಸಾಕು. ಗೋಡೆಗೆ ಆನಿಕೊಂಡಿರುವುದರಿಂದ ಜಾಗವೂ ತಿನ್ನುವುದಿಲ್ಲ.

ಆಟದ ಸಾಮಾನಿನಲ್ಲಿ ಮೂರರಲ್ಲಿ ಒಂದು ಪಾಲು ಹೊರಗಿಡಿ, ಉಳಿದದ್ದು ಒಳಗೆ. ಎರಡು ಮೂರು ವಾರಕ್ಕೊಮ್ಮೆ ಅದಲು ಬದಲು ಮಾಡಿ. ಹಳೆಯದೇ ಹೊಸದಾಗಿ ಕಾಣುತ್ತದೆ, ಕೋಣೆಯೂ ಹಗುರವಾಗಿರುತ್ತದೆ.

ಬರೆಯುವ ಮೇಜಿಗೆ ಕೂತಾಗ ಮೊಣಕೈ ಮೇಜಿನ ಮಟ್ಟಕ್ಕೆ ಬರಬೇಕು, ಪಾದ ನೆಲಕ್ಕೆ ತಾಗಬೇಕು. ತಾಗದಿದ್ದರೆ ಚಿಕ್ಕ ಕುರ್ಚಿ ಕೊಳ್ಳಬೇಡಿ, ಕಾಲಡಿಗೆ ಒಂದು ಗಟ್ಟಿ ಪೆಟ್ಟಿಗೆ ಇಡಿ. ಮಗು ಬೆಳೆದಂತೆ ಅದನ್ನು ತೆಗೆದರಾಯಿತು.

10. ಮಗು ಮಲಗುವ ಮೊದಲು

ಬಣ್ಣ ಹಚ್ಚಿದ ದಿನವೇ ಮಗುವನ್ನು ಅಲ್ಲಿ ಮಲಗಿಸಬೇಡಿ. ಎರಡು ಮೂರು ದಿನ ಕಿಟಕಿ ತೆರೆದಿಡಿ, ವಾಸನೆ ಪೂರ್ತಿ ಹೋಗಲಿ.

ಆಮೇಲೆ ನೀವೇ ಮಂಡಿಯೂರಿ, ಮಗುವಿನ ಎತ್ತರಕ್ಕೆ ಇಳಿದು, ಕೋಣೆಯನ್ನು ಒಂದು ಸುತ್ತು ಬನ್ನಿ. ನಿಂತಾಗ ಕಾಣದ್ದು ಈಗ ಕಾಣುತ್ತದೆ. ಮಂಚದಡಿ ಚಾಚಿಕೊಂಡ ಸ್ಕ್ರೂ, ಮೇಜಿನ ಚೂಪು ಮೂಲೆ, ಮುಚ್ಚದ ಪ್ಲಗ್ ಪಾಯಿಂಟು, ನೆಲದ ಮೇಲೆ ಉಳಿದ ಮೊಳೆ. ಮೂರು ವರ್ಷದೊಳಗಿನ ಮಗುವಿದ್ದರೆ ಟಿಶ್ಯೂ ರೋಲಿನ ಒಳಗಿನ ರಟ್ಟಿನ ಕೊಳವೆ ಹಿಡಿದುಕೊಳ್ಳಿ. ಅದರಲ್ಲಿ ತೂರುವ ಯಾವ ಸಾಮಾನೂ ಗಂಟಲಲ್ಲಿ ಸಿಕ್ಕಿಕೊಳ್ಳಬಹುದು, ಮೇಲೆತ್ತಿಡಿ. ಕಿಟಕಿಯ ಕೆಳಗೆ ಮಂಚ, ಪೆಟ್ಟಿಗೆ, ಹತ್ತಲು ಬರುವ ಯಾವುದೂ ಇರಬಾರದು. ಕಿಟಕಿಯ ಸರಳುಗಳ ನಡುವೆ 10 ಸೆಂಟಿಮೀಟರ್‌ಗಿಂತ ಜಾಸ್ತಿ ಸಂದು ಇದ್ದರೆ ನಡುವೆ ಇನ್ನೊಂದು ಸರಳು ಹಾಕಿಸಿ.

ಉಳಿದ ಬಣ್ಣವನ್ನು ಎಸೆಯಬೇಡಿ. ಗಾಳಿಯಾಡದ ಒಂದು ಗಾಜಿನ ಬಾಟಲಿಗೆ ತುಂಬಿ, ಬಣ್ಣದ ಹೆಸರು, ಶೇಡ್ ನಂಬರು, ಹಚ್ಚಿದ ತಾರೀಖು ಬರೆದು, ಮಗುವಿಗೆ ಎಟುಕದ ಕಪಾಟಿನಲ್ಲಿಡಿ. ಆರು ತಿಂಗಳಲ್ಲಿ ಮಂಚದ ಪಕ್ಕದ ಗೋಡೆಯ ಮೇಲೆ ಪುಟ್ಟ ಕೈ, ಕಾಲಿನ ಗುರುತು ಬಿದ್ದೇ ಬೀಳುತ್ತದೆ. ಒದ್ದೆ ಬಟ್ಟೆಯಲ್ಲಿ ಹೋಗದಿದ್ದನ್ನು ಆ ಬಾಟಲಿಯ ಬಣ್ಣದಿಂದ ಒಂದು ಸಂಜೆಯಲ್ಲಿ ಮುಚ್ಚಬಹುದು.